ಗೋಥಿಕ್ ಚರ್ಚನ್ನು ಬರೆಯಲು ಎಲ್ಲಿ ಕೂರಬೇಕು?

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಆವರಣಕ್ಕೆ ಚಿತ್ರ ಬರೆಯಲು ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುತ್ತಾರೆ. ಮುಂಬಾಗಿಲಿಗೆ ನೇರವಾಗಿ, 175 ಅಡಿಯ ಎರಡೂ ಗೋಪುರಗಳು ತಕ್ಕಡಿಯ ತಟ್ಟೆಗಳಂತೆ ಸಮನಾಗಿ ಕಾಣುವಲ್ಲಿ. ನಾನೂ ಅಲ್ಲೇ ಕೂತೆ, ಒಂದು ಸಲವಲ್ಲ, ನಾಲ್ಕು ಸಲ. ಕಿಟಕಿಗಳ ಲೆಕ್ಕ ತಪ್ಪಲಿಲ್ಲ, ಗೋಪುರಗಳು ವಾಲಲಿಲ್ಲ, ಮನೆಯಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ಆದರೆ ಕಾಗದದ ಮೇಲಿದ್ದದ್ದು ಮದುವೆಯ ಆಮಂತ್ರಣ ಪತ್ರಿಕೆಗೆ ಅಚ್ಚು ಹಾಕಿಸಬಹುದಾದ ಒಂದು ಅಲಂಕಾರ. ಆ ಗೋಪುರಗಳ ಬುಡದಲ್ಲಿ ನಿಂತಾಗ ಎದೆಯೊಳಗೆ ಆದದ್ದರ ಸುಳಿವೂ ಅದರಲ್ಲಿರಲಿಲ್ಲ. ಪೆನ್ನು ಬದಲಿಸಿದೆ, ಕಾಗದ ಬದಲಿಸಿದೆ, ಜಲವರ್ಣಕ್ಕೆ ಹೋಗಿ ಮತ್ತೆ ಶಾಯಿಗೆ ಮರಳಿದೆ. ಕೂರುವ ಜಾಗವನ್ನೇ ಬದಲಿಸಬೇಕೆಂದು ಹೊಳೆದದ್ದು ಬಹಳ ತಡವಾಗಿ.

ಈಗ ಯಾರಾದರೂ ಗೋಥಿಕ್ ಕಟ್ಟಡ ಬರೆಯಲು ಯಾವ ಪೆನ್ನು ಒಳ್ಳೆಯದು ಎಂದು ಕೇಳಿದರೆ, ನೀವು ಎಲ್ಲಿ ಕೂರುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಇಂಥ ಕಟ್ಟಡವನ್ನು ಊರಾಚೆಯಿಂದ ಬರೆಯಬಹುದು. ಪಾಳುಬಿದ್ದ ಮೇಲೆ ಬರೆಯಬಹುದು. ಅದರ ನೆತ್ತಿಗೆ ಹತ್ತಿ ಬರೆಯಬಹುದು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬರೆಯಬಹುದು. ಅಲ್ಲಿಗೆ ಹೋಗದೆ ನೆನಪಿನಿಂದಲೂ ಬರೆಯಬಹುದು. ಯೂರೋಪಿನ ಒಬ್ಬೊಬ್ಬ ಕಲಾವಿದ ಒಂದೊಂದು ದಾರಿಯನ್ನು ಹಿಡಿದು ಅದರ ಕೊನೆಯವರೆಗೂ ಹೋಗಿದ್ದಾನೆ. ಅವರು ಹೋದ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ಒಗ್ಗುವುದು ಯಾವುದೆಂದು ಗೊತ್ತಾಗುತ್ತದೆ.

ಕಲ್ಲಿನ ಮಾತು ಬೇರೆ, ಕಾಗದದ ಮಾತು ಬೇರೆ

ಹೋಲಿಕೆಗೆ ಮುಂಚೆ ಒಂದು ಗೊಂದಲ ಬಗೆಹರಿಯಬೇಕು. ಗೋಥಿಕ್ ಶೈಲಿ ಮೊದಲು ರೂಪ ತಳೆದದ್ದು ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದಲ್ಲಿ, 1140ರ ಆಸುಪಾಸಿನಲ್ಲಿ. ಅಲ್ಲಿನ ಮಠಾಧಿಪತಿ ಸುಝೇಗೆ ಬೆಳಕೆಂದರೆ ದೇವರ ಕಡೆಗೆ ಏರುವ ಮೆಟ್ಟಿಲು. ಬಣ್ಣದ ಗಾಜಿನಿಂದ ಸೋಸಿ ಬಂದ ಬೆಳಕು ಮನಸ್ಸನ್ನು ಮಣ್ಣಿನಿಂದ ಮೇಲೆತ್ತುತ್ತದೆ ಎಂದು ಅವನು ನಂಬಿದ್ದ. ಆ ನಂಬಿಕೆಗೆ ತಕ್ಕ ತಂತ್ರವೂ ಸಿಕ್ಕಿತು. ಚೂಪು ಕಮಾನು, ಚಾವಣಿಯ ಏಣುಗಳು, ಹೊರಗಿನಿಂದ ಒತ್ತಿ ಹಿಡಿಯುವ ಆನಿಕೆ ಕಮಾನುಗಳು ಸೇರಿ ಭಾರವನ್ನು ಹೊರಗೆ ದಾಟಿಸಿದವು. ಭಾರ ಹೊರುವ ಕೆಲಸ ತಪ್ಪಿದ ಗೋಡೆ ಕಿಟಕಿಯಾಯಿತು. ನೆಲದ ನಕ್ಷೆ ಶಿಲುಬೆಯ ಆಕಾರದ್ದು, ಬಲಿಪೀಠ ಪೂರ್ವಕ್ಕೆ, ಸೂರ್ಯ ಮುಳುಗುವ ಪಶ್ಚಿಮದ ಬಾಗಿಲ ಮೇಲೆ ಅಂತಿಮ ತೀರ್ಪಿನ ಕೆತ್ತನೆ: ಹೀಗೆ ಇಡೀ ಕಟ್ಟಡವೇ ಒಂದು ಮಾತು. ‘ಗೋಥಿಕ್’ ಎಂಬ ಹೆಸರು ಮಾತ್ರ ಬೈಗುಳವಾಗಿ ಹುಟ್ಟಿದ್ದು. ರೋಮನ್ ಶೈಲಿಯನ್ನು ಮೆಚ್ಚುತ್ತಿದ್ದ ಇಟಲಿಯವರು ಇದನ್ನು ಗೋಥ್ ಎಂಬ ಕಾಡುಜನರ ಕೆಲಸವೆಂದು ಹಳಿದರು.

ಹೊಸದಾಗಿ ಬರೆಯುವವರು ಸಂಕೇತವೆಂದರೆ ಇವೇ ಎಂದುಕೊಂಡು ದುಂಡನೆಯ ‘ಗುಲಾಬಿ ಕಿಟಕಿ’ಯ ದಳಗಳನ್ನೆಲ್ಲ ಎಣಿಸಿ ಬರೆಯುತ್ತಾರೆ. ಆದರೆ ಹಗಲಿನಲ್ಲಿ ಹೊರಗೆ ನಿಂತು ನೋಡಿದರೆ ಆ ಕಿಟಕಿ ಒಂದು ಕಪ್ಪು ತಟ್ಟೆ. ಅದರ ಬಣ್ಣವೆಲ್ಲ ಒಳಗಿರುವವರಿಗೆ. ಕಾಗದದ ಮೂಲಕ ಬೆಳಕು ಹಾಯುವುದೂ ಇಲ್ಲ. ಹಾಗಾಗಿ ಕಟ್ಟಿದವರು ಇಟ್ಟ ಸಂಕೇತ ಚಿತ್ರಕ್ಕೆ ಬರುವಷ್ಟರಲ್ಲಿ ಬರೀ ನಕಾಸೆಯಾಗಿರುತ್ತದೆ. ಚಿತ್ರದ ಸಂಕೇತಗಳನ್ನು ಬರೆಯುವವರೇ ಹುಡುಕಿಕೊಳ್ಳಬೇಕು, ಅವು ಸಾಮಾನ್ಯವಾಗಿ ಚರ್ಚಿನ ಅಕ್ಕಪಕ್ಕದಲ್ಲಿ ಸಿಗುತ್ತವೆ. ಒಂದು ಮೋಡ, ಒಂದು ಮರ, ಹಾರುವ ಕಾಗೆ, ಹಿಮದಲ್ಲಿ ಬಿದ್ದ ಊರುಗೋಲು.

ಊರಾಚೆಯಿಂದ: ಕಾನ್‌ಸ್ಟೇಬಲ್ ಮತ್ತು ಸಾಲ್ಸ್‌ಬರಿ

ಇಂಗ್ಲೆಂಡಿನ ಸಾಲ್ಸ್‌ಬರಿ ಪ್ರಧಾನಾಲಯದ (ಕ್ಯಾಥೆಡ್ರಲ್) ಶಿಖರ 123 ಮೀಟರ್ ಎತ್ತರದ್ದು. ಬಯಲಿನಲ್ಲಿ ಎಲ್ಲಿ ನಿಂತರೂ ಅದು ಕಣ್ಣಿಗೆ ಬೀಳುತ್ತದೆ. ಜಾನ್ ಕಾನ್‌ಸ್ಟೇಬಲ್ ಅದನ್ನು ಮತ್ತೆ ಮತ್ತೆ ಬರೆದ. ಅವುಗಳಲ್ಲಿ ಎರಡನ್ನು ಒಟ್ಟಿಗೆ ನೋಡಿದರೆ ಸಾಕು.

ಮೊದಲನೆಯದು 1823ರದ್ದು, ಧರ್ಮಾಧ್ಯಕ್ಷರ (ಬಿಷಪ್) ತೋಟದಿಂದ ಕಂಡ ನೋಟ. ಎರಡು ಮರಗಳು ಬಾಗಿ ತಾವೇ ಒಂದು ಚೂಪು ಕಮಾನಾಗಿವೆ, ಅದರೊಳಗೆ ಬಿಸಿಲಲ್ಲಿ ಮಿಂದ ಚರ್ಚು. ಎಡಮೂಲೆಯಲ್ಲಿ ಧರ್ಮಾಧ್ಯಕ್ಷರು ಹೆಂಡತಿಗೆ ಕೋಲಿನಿಂದ ಶಿಖರ ತೋರಿಸುತ್ತಿದ್ದಾರೆ. ಚಿತ್ರ ಬರೆಸಿದವರು ಅವರೇ. ಆದರೆ ಚರ್ಚಿನ ಹಿಂದಿದ್ದ ಕಪ್ಪು ಮೋಡ ಅವರಿಗೆ ಹಿಡಿಸಲಿಲ್ಲ. ಮುಂದಿನ ಪ್ರತಿಯಲ್ಲಿ ಆಕಾಶ ತಿಳಿಯಾಯಿತು. ಹಣ ಕೊಡುವವರಿಗೆ ಮೋಡ ಇಷ್ಟವಾಗುವುದಿಲ್ಲ, ಅದು ಎಲ್ಲ ಕಾಲಕ್ಕೂ ಇದ್ದದ್ದೇ.

ಎರಡನೆಯದು 1831ರದ್ದು, ಹುಲ್ಲುಗಾವಲಿನಿಂದ ಕಂಡದ್ದು. ಈ ಎರಡು ಚಿತ್ರಗಳ ನಡುವೆ, 1828ರಲ್ಲಿ, ಅವನ ಹೆಂಡತಿ ಮರಿಯಾ ಕ್ಷಯದಿಂದ ತೀರಿಕೊಂಡಿದ್ದಳು. ಇಂಗ್ಲೆಂಡಿನಲ್ಲಿ ಚರ್ಚಿನ ಅಧಿಕಾರವೇ ಅಲುಗುತ್ತಿದ್ದ ಕಾಲವೂ ಅದು, ಕಾನ್‌ಸ್ಟೇಬಲ್ ಹಳೆಯ ವ್ಯವಸ್ಥೆಯ ಪಕ್ಷಪಾತಿ. ಚಿತ್ರದಲ್ಲಿ ಮಳೆ ಆಗಷ್ಟೇ ಹೊಳವಾಗಿದೆ. ಕುದುರೆ ಬಂಡಿಯೊಂದು ನೀರು ದಾಟುತ್ತಿದೆ. ಆಕಾಶ ಇನ್ನೂ ಕುದಿಯುತ್ತಿದೆ, ಅದರ ಮಧ್ಯಕ್ಕೆ ಶಿಖರ ನೆಟ್ಟಿದೆ, ಅದರ ಮೇಲೆ ದೊಡ್ಡದೊಂದು ಕಾಮನಬಿಲ್ಲು. ಬಿಲ್ಲಿನ ತುದಿ ಇಳಿಯುವುದು ಅವನ ಆಪ್ತ ಗೆಳೆಯ, ಆ ಧರ್ಮಾಧ್ಯಕ್ಷರ ಬಂಧುವೇ ಆದ ಪಾದ್ರಿ ಜಾನ್ ಫಿಶರ್ ವಾಸವಿದ್ದ ಮನೆಯ ಮೇಲೆ. ಕಾನ್‌ಸ್ಟೇಬಲ್ ಈ ಚಿತ್ರವನ್ನು ಮಾರಲಾಗದೆ, ತಿದ್ದುವುದನ್ನೂ ಬಿಡಲಾಗದೆ 1837ರಲ್ಲಿ ಸಾಯುವವರೆಗೂ ಜೊತೆಯಲ್ಲಿಟ್ಟುಕೊಂಡಿದ್ದ. 2013ರಲ್ಲಿ ಟೇಟ್ ಸಂಗ್ರಹಾಲಯ ಅದನ್ನು 2.31 ಕೋಟಿ ಪೌಂಡಿಗೆ ಕೊಂಡಿತು.

ಚರ್ಚು ಎರಡರಲ್ಲೂ ಅದೇ. ಅದರ ಒಂದು ಕಲ್ಲೂ ಬದಲಾಗಿಲ್ಲ. ದುಃಖ, ಭಯ, ಸಾಂತ್ವನ ಎಲ್ಲವೂ ಆಕಾಶದಿಂದ ಬಂದದ್ದು. ದೂರದ ಜಾಗದ ಲಾಭ ಇದು. ಕಟ್ಟಡ ಚಿಕ್ಕದಾಗುತ್ತದೆ, ಆಗ ಅದರ ಸುತ್ತಲ ಜಗತ್ತು ಮಾತಾಡಲು ತೊಡಗುತ್ತದೆ. ಕಟ್ಟಡದ ವಿವರ ಬರೆಯುವ ಕೈಚಳಕ ಇನ್ನೂ ಕೂಡಿಬಾರದವರಿಗೂ ಇದು ಅನುಕೂಲ: ಶಿಖರವೆಂದರೆ ಎರಡು ಓರೆ ಗೆರೆ, ಅಷ್ಟೇ. ಅಪಾಯವೆಂದರೆ ಚರ್ಚು ಕ್ಯಾಲೆಂಡರಿನ ಮೂಲೆಯ ಬೆಟ್ಟದಂತೆ ಹಿನ್ನೆಲೆಯ ವಸ್ತುವಾಗಿಬಿಡುವುದು. ಆಕಾಶಕ್ಕೂ ಶಿಖರಕ್ಕೂ ಏನಾದರೊಂದು ಜಗಳವಿರಬೇಕು.

ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಶಿಂಕೆಲ್ ಕೂಡ ದೂರದಿಂದಲೇ ಬರೆದವನು. ನೆಪೋಲಿಯನ್ ಸೈನ್ಯ ತುಳಿದಿದ್ದ ನಾಡಿನಲ್ಲಿ, ಸಂಜೆಯ ಬೆಳಕಿಗೆ ಬೆನ್ನು ಮಾಡಿ ನಿಂತ ಭಾರೀ ಗೋಥಿಕ್ ಚರ್ಚುಗಳನ್ನು ಅವನು ದೇಶದ ಸ್ವಾಭಿಮಾನದ ಗುರುತಾಗಿ ಕಲ್ಪಿಸಿದ. ಗೋಥಿಕ್ ಜರ್ಮನ್ನರ ಸ್ವಂತ ಶೈಲಿ ಎಂದು ಆಗ ಅಲ್ಲಿ ನಂಬಿಕೆಯಿತ್ತು. ಹುಟ್ಟಿದ್ದು ಶತ್ರುವಿನ ರಾಜಧಾನಿಯ ಪಕ್ಕದಲ್ಲಿ! ನನಗೆ ಶಿಂಕೆಲ್‌ನ ತೈಲಚಿತ್ರಗಳಿಗಿಂತ 1810ರ ಅವನ ಒಂದು ಕಲ್ಲಚ್ಚಿನ ಚಿತ್ರ ಹೆಚ್ಚು ಇಷ್ಟ. ದಟ್ಟ ಮರಗಳ ಹಿಂದೆ ಅರೆಮರೆಯಾದ ಚರ್ಚು ಅದರ ವಸ್ತು. ಚರ್ಚಿನೊಳಗಿನ ಆರಾಧನೆಯ ದನಿ ಹೊರಗಿರುವವನ ಕಿವಿಗೆ ಬಿದ್ದಾಗ ಎದೆ ತುಂಬುವ ಹಂಬಲದ ನೋವನ್ನು ತೋರಿಸುವ ಪ್ರಯತ್ನ ಇದು ಎಂದು ಅವನೇ ಅದರ ಅಡಿಯಲ್ಲಿ ಬರೆದಿದ್ದಾನೆ. ಒಂದು ದನಿಯನ್ನು ಬರೆಯಲು ಕಟ್ಟಡವನ್ನೇ ಮರೆಮಾಡಿದ ಧೈರ್ಯ ಮೆಚ್ಚುವಂಥದ್ದು.

ಪಾಳು: ಎಲ್ಲರಿಗೂ ಸಲೀಸು, ಅದಕ್ಕೇ ಕಷ್ಟ

ಭಾವ ಬೇಕೆಂದರೆ ಜನ ಮೊದಲು ಓಡುವುದು ಪಾಳಿನ ಕಡೆಗೆ. ಚಾವಣಿ ಹಾರಿಹೋದ ಕಮಾನು, ಅದರ ಮೂಲಕ ಕಾಣುವ ಚಂದ್ರ, ಸ್ವಲ್ಪ ಮಂಜು ಇದ್ದರೆ ಕೆಲಸ ಮುಗಿಯಿತು. ಇದನ್ನು ನೆಲೆಗೊಳಿಸಿದವನು ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್. ಅವನ ‘ಓಕ್ ತೋಪಿನ ಮಠ’ 1809–10ರದ್ದು. ಬರಿಗೊಂಬೆಯ ಓಕ್ ಮರಗಳ ನಡುವೆ ಒಂಟಿ ಗೋಡೆ, ಅದರಲ್ಲಿ ಗಾಜಿಲ್ಲದ ಎತ್ತರದ ಕಿಟಕಿ. ಹಿಮ ಬಿದ್ದ ಸ್ಮಶಾನದಲ್ಲಿ ಸನ್ಯಾಸಿಗಳ ಸಾಲೊಂದು ಶವಪೆಟ್ಟಿಗೆ ಹೊತ್ತು ಆ ಮುರುಕು ಬಾಗಿಲಿನತ್ತ ನಡೆದಿದೆ. ಚಿತ್ರದ ಕೆಳಭಾಗ ಕತ್ತಲು, ಮೇಲ್ಭಾಗದಲ್ಲಿ ಮಂಕು ಬೆಳಕು, ಹುಡುಕಿದರೆ ಮಾತ್ರ ಕಾಣುವ ಎಳೆ ಚಂದ್ರ. 1810ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಪ್ರಶ್ಯದ ರಾಜಮನೆತನವೇ ಅದನ್ನು ಕೊಂಡಿತು.

ಗೋಡೆಯ ಮಾದರಿ ಅವನ ಹುಟ್ಟೂರು ಗ್ರೈಫ್ಸ್‌ವಾಲ್ಡ್ ಬಳಿಯ ಎಲ್ಡೆನಾ ಮಠ. ಸುಮಾರು 1825ರಲ್ಲಿ ಅವನು ಅದೇ ಪಾಳನ್ನು ಇನ್ನೊಮ್ಮೆ ಬರೆದ. ಇದರಲ್ಲಿ ಶವಯಾತ್ರೆಯಿಲ್ಲ, ಹಿಮವಿಲ್ಲ. ಇಟ್ಟಿಗೆ ಗೋಡೆಗೆ ಆತುಕೊಂಡು ಒಂದು ಬಡ ಗುಡಿಸಲಿದೆ, ಸುತ್ತ ಹಸಿರು ಅಡ್ಡಾದಿಡ್ಡಿ ಬೆಳೆದಿದೆ. ಎಲ್ಡೆನಾದಲ್ಲಿ ಜನ ಹಾಗೆಯೇ ಪಾಳಿನ ಮಗ್ಗುಲಲ್ಲಿ ಸಂಸಾರ ಮಾಡಿಕೊಂಡಿದ್ದರು. ಮೊದಲನೆಯ ಚಿತ್ರಕ್ಕೆ ಅವನು ಆ ಸಂಸಾರವನ್ನು ಅಳಿಸಿ ಸಾವನ್ನು ತಂದಿದ್ದ. ಇನ್ನೂ ವಿಚಿತ್ರವೆಂದರೆ, ಗ್ರೈಫ್ಸ್‌ವಾಲ್ಡಿನ ಗಟ್ಟಿಮುಟ್ಟಾದ ಯಾಕೋಬಿ ಚರ್ಚನ್ನೂ ಅವನು ಪಾಳುಬಿದ್ದಂತೆ ಬರೆದಿದ್ದಾನೆ! ಅವನಿಗೆ ಪಾಳು ಕಣ್ಣಿಗೆ ಬಿದ್ದ ದೃಶ್ಯವಾಗಿರಲಿಲ್ಲ, ಯೋಚಿಸುವ ಭಾಷೆಯಾಗಿತ್ತು. ಮನುಷ್ಯ ಕಟ್ಟಿದ ಚರ್ಚು ಬೀಳುತ್ತದೆ, ಅದರಾಚೆಯ ಬೆಳಕು ಉಳಿಯುತ್ತದೆ ಎಂಬುದು ಅವನ ನಂಬಿಕೆ. 1811ರ ಚಳಿಗಾಲದ ಚಿತ್ರವೊಂದರಲ್ಲಿ ಕುಂಟನೊಬ್ಬ ಊರುಗೋಲುಗಳನ್ನು ಹಿಮದಲ್ಲಿ ಎಸೆದು ಶಿಲುಬೆಯ ಮುಂದೆ ಬಂಡೆಗೆ ಒರಗಿ ಪ್ರಾರ್ಥಿಸುತ್ತಿದ್ದಾನೆ. ದೂರದ ಮಂಜಿನಲ್ಲಿ ಗೋಥಿಕ್ ಚರ್ಚೊಂದು ಕನಸಿನಂತೆ ಎದ್ದಿದೆ, ಅದರ ಗೋಪುರಗಳಿಗೂ ಮುಂದಿರುವ ಫರ್ ಮರಗಳಿಗೂ ಒಂದೇ ಆಕಾರ. ನಂಬಿಕೆಯಿಲ್ಲದವನು ಅದೇ ಮಂಜು, ಅದೇ ಮರ ಹಾಕಿದರೆ ಮಂಜು ಮತ್ತು ಮರ ಮಾತ್ರ ಉಳಿಯುತ್ತವೆ.

ಇಂಗ್ಲೆಂಡಿನವರ ಪಾಳಿನ ಮೋಹ ಇಷ್ಟು ಗಂಭೀರದ್ದಲ್ಲ. ವೇಲ್ಸಿನ ಟಿಂಟರ್ನ್ ಮಠವನ್ನು ಎಂಟನೇ ಹೆನ್ರಿ 1536ರಲ್ಲಿ ಮುಚ್ಚಿಸಿದ. ಎರಡೂವರೆ ಶತಮಾನದ ನಂತರ ಅದು ಪ್ರವಾಸಿಗರ ಮೆಚ್ಚಿನ ತಾಣವಾಯಿತು. ಚೆಲುವಾದ ನೋಟಗಳನ್ನು ಹೇಗೆ ನೋಡಬೇಕೆಂದು ಪುಸ್ತಕ ಬರೆದ ವಿಲಿಯಂ ಗಿಲ್ಪಿನ್‌ಗೆ ಅದರ ಗೋಡೆಯ ತುದಿಗಳು ಬಲು ನೇರವೆನಿಸಿದವು. ಜಾಣತನದಿಂದ ಸುತ್ತಿಗೆ ಪ್ರಯೋಗಿಸಿದರೆ ಸರಿಹೋದೀತು, ಆದರೆ ಅಷ್ಟು ಧೈರ್ಯ ಯಾರಿಗಿದೆ ಎಂದು ಅವನು ಬರೆದ. ಮುಂದೆ ದೊಡ್ಡ ಚಿತ್ರಕಾರನಾದ ಟರ್ನರ್ ಹದಿಹರೆಯದಲ್ಲಿ, 1792ರಲ್ಲಿ, ಅಲ್ಲಿಗೆ ಹೋದ. ಅವನಿಗೆ ಸುತ್ತಿಗೆ ಬೇಕಾಗಲಿಲ್ಲ, ಕುಂಚ ಸಾಕಾಯಿತು. ಅವನ ಜಲವರ್ಣಗಳಲ್ಲಿ ಕಮಾನುಗಳು ಎತ್ತರೆತ್ತರಕ್ಕೆ ಹೋಗುತ್ತವೆ, ಬಳ್ಳಿಗಳು ಕಲ್ಲನ್ನು ನುಂಗುತ್ತವೆ, ಬುಡದಲ್ಲಿ ನಿಂತ ಮನುಷ್ಯರು ಇರುವೆಗಳಾಗುತ್ತಾರೆ. ವಿಷಾದಕ್ಕಿಂತ ಅಲ್ಲಿ ಒಂದು ಬಗೆಯ ಹುಡುಗಾಟದ ಬೆರಗಿದೆ.

ನಮ್ಮಲ್ಲಿ ಪಾಳು ಎಂದ ತಕ್ಷಣ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ನೆನಪಾಗುತ್ತದೆ. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಹೊರಬರುವ ಚರ್ಚು. ಬೆಳಗಿನ ಮಂಜಿನಲ್ಲಿ ಅದನ್ನು ಫ್ರೀಡ್ರಿಕ್‌ನಂತೆ ಬರೆದ ಚಿತ್ರಗಳನ್ನು ಎಷ್ಟೋ ನೋಡಿದ್ದೇನೆ, ಒಂದನ್ನು ಬರೆದೂ ಇದ್ದೇನೆ. ನನ್ನದನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ಆ ಚರ್ಚು ಕಾಲದ ಹೊಡೆತಕ್ಕೆ ತಾನಾಗಿ ಪಾಳಾದದ್ದಲ್ಲ. ಅಣೆಕಟ್ಟಿಗಾಗಿ ಊರು ಎದ್ದುಹೋದದ್ದರಿಂದ ಆದದ್ದು. ಅಲ್ಲಿನ ಸಂಕೇತ ಚಂದ್ರನಲ್ಲ, ನೀರು. ಗೋಡೆಯ ಮೇಲೆ ನೀರು ಏರಿ ಇಳಿದ ಪಟ್ಟೆಗಳನ್ನು ಯಾರಾದರೂ ಶ್ರದ್ಧೆಯಿಂದ ಬರೆದರೆ ಆ ಚಿತ್ರವನ್ನು ಕೊಂಡು ಗೋಡೆಗೆ ಹಾಕಿಕೊಳ್ಳುತ್ತೇನೆ. ಪಾಳನ್ನು ಆರಿಸಿಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಅದು ಏಕೆ ಪಾಳಾಯಿತೆಂದು ತಿಳಿದುಕೊಂಡು ಆಮೇಲೆ ಬರೆಯಲು ಕೂರಿ.

ನೆತ್ತಿಯ ಮೇಲೆ: ಮೆರಿಯಾನ್‌ನ ಪ್ಯಾರಿಸ್

ಶಾರ್ಲ್ ಮೆರಿಯಾನ್ ಮೊದಲು ನೌಕಾಪಡೆಯ ಅಧಿಕಾರಿ. ಬಣ್ಣಗಳನ್ನು ಗುರುತಿಸಲಾಗದ ಕಣ್ಣು ಅವನದು. ಹಾಗಾಗಿ ತೈಲವರ್ಣ ಬಿಟ್ಟು ತಾಮ್ರದ ತಗಡಿನ ಮೇಲೆ ಗೀರಿ ಆಮ್ಲದಲ್ಲಿ ಕೊರೆಯುವ ಎಚಿಂಗ್‌ಗೆ ಬಂದ. 1850ರಿಂದ ಕೆಲವು ವರ್ಷ ಹಳೆಯ ಪ್ಯಾರಿಸ್ಸನ್ನು ಅಚ್ಚಿಗಿಳಿಸಿದ. ಅವುಗಳಲ್ಲಿ ಹೆಸರಾದದ್ದು 1853ರ ‘ಸ್ಟ್ರಿಜ್’. ನೋತ್ರ್ ದಾಮ್ ಪ್ರಧಾನಾಲಯದ ಗೋಪುರದ ಕಟಾಂಜನದ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈಕೊಟ್ಟು, ನಾಲಿಗೆ ಚಾಚಿ ಊರನ್ನು ನೋಡುವ ಕೊಂಬಿನ ಪ್ರಾಣಿ. ಕೆಳಗೆ ಮನೆಗಳ ರಾಶಿ, ಸೇಂಟ್ ಜಾಕ್ ಗೋಪುರ, ಸುತ್ತ ಕಪ್ಪು ಹಕ್ಕಿಗಳು. ಊರನ್ನು ಮೇಯಲು ಕಾದು ಕೂತ ತೀರದ ಕಾಮ ಇದು ಎಂಬ ಅರ್ಥದ ಎರಡು ಸಾಲುಗಳನ್ನೂ ಅವನು ಅದರ ಕೆಳಗೆ ಕೊರೆದಿದ್ದ.

ಇಲ್ಲಿ ಎರಡು ಸಂಗತಿಗಳಿವೆ. ಒಂದು, ಈ ಪ್ರಾಣಿ ಮಧ್ಯಯುಗದ್ದಲ್ಲ. 1840ರ ದಶಕದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ನೋತ್ರ್ ದಾಮ್‌ನ ಜೀರ್ಣೋದ್ಧಾರ ಹಿಡಿದಾಗ ಹೊಸದಾಗಿ ಕೆತ್ತಿಸಿದ ಮೂರ್ತಿಗಳಲ್ಲಿ ಒಂದು. ಮೆರಿಯಾನ್ ಬರೆಯುವಾಗ ಅದು ಇನ್ನೂ ಹೊಚ್ಚಹೊಸತು. ಇವತ್ತು ಗೋಥಿಕ್ ಎಂದರೆ ಜನರ ಕಣ್ಣಿಗೆ ಕಟ್ಟುವ ಮುಖ ಹತ್ತೊಂಬತ್ತನೇ ಶತಮಾನದ್ದು, ಅದನ್ನು ಜನರ ಮನಸ್ಸಿನಲ್ಲಿ ಹಳೆಯದಾಗಿಸಿದ್ದರಲ್ಲಿ ಈ ಚಿತ್ರದ ಪಾಲು ದೊಡ್ಡದು. ಎರಡು, ಇದನ್ನು ಗಾರ್ಗಾಯಿಲ್ ಎಂದು ಕರೆಯುವುದು ತಪ್ಪು. ಗಾರ್ಗಾಯಿಲ್ ಎಂದರೆ ಚಾವಣಿಯ ಮಳೆನೀರನ್ನು ಗೋಡೆಯಿಂದ ದೂರಕ್ಕೆ ಉಗುಳುವ ಕಲ್ಲಿನ ದೋಣಿ. ನೀರು ಹಾಯದೆ ಸುಮ್ಮನೆ ಕೂತದ್ದು ಕೈಮೆರಾ. ಬರೆಯುವಾಗ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು, ಗಾರ್ಗಾಯಿಲ್‌ಗಳ ಕತ್ತು ಹೊರಕ್ಕೆ ಚಾಚಿರುವುದು ಗಾಬರಿ ಹುಟ್ಟಿಸಲೆಂದಲ್ಲ, ನೀರು ಚೆಲ್ಲಲೆಂದು.

ಮೇಲಿನ ಜಾಗದ ಶಕ್ತಿ ಎಲ್ಲಿದೆಯೆಂದರೆ, ಅಲ್ಲಿ ಚರ್ಚು ನೋಡುವ ವಸ್ತುವಾಗಿರುವುದಿಲ್ಲ, ನೋಡುವ ಕಣ್ಣಾಗುತ್ತದೆ. ಉಳಿದ ಎಲ್ಲ ಚಿತ್ರಗಳಲ್ಲಿ ನಾವು ಚರ್ಚನ್ನು ನೋಡುತ್ತೇವೆ, ಇಲ್ಲಿ ಚರ್ಚು ನಮ್ಮನ್ನು ನೋಡುತ್ತದೆ. ಮೆರಿಯಾನ್‌ನ ಗೆರೆಗಳಲ್ಲಿರುವ ಚೂಪು, ಗಾಜಿನಂಥ ಸ್ಪಷ್ಟತೆ ಆ ಭಯಕ್ಕೆ ಸರಿಯಾಗಿ ಹೊಂದುತ್ತದೆ. ಮುಂದೆ ಅವನ ಮನಸ್ಸು ಕೆಟ್ಟಿತು. 1868ರಲ್ಲಿ ಶಾರಾಂತೋನ್‌ನ ಆಸ್ಪತ್ರೆಯಲ್ಲಿ ಸತ್ತ. ಇದನ್ನು ತಿಳಿದವರು ಚಿತ್ರದಲ್ಲೆಲ್ಲ ಹುಚ್ಚನ್ನೇ ಹುಡುಕುತ್ತಾರೆ, ನಾನು ಹುಡುಕುವುದಿಲ್ಲ. ಇಷ್ಟು ನಿಖರವಾಗಿ ಬೆಳಕಿನ ಕೋನವನ್ನು ಅಳೆದು ಗೀರಿದ ಕೈ ತನ್ನ ಹಿಡಿತದಲ್ಲೇ ಇತ್ತು.

ನಮಗೆ ಈ ದಾರಿ ಹಿಡಿಯಲು ಅಡ್ಡಿಯೆಂದರೆ ಹೆಚ್ಚಿನ ಚರ್ಚುಗಳ ಗೋಪುರಕ್ಕೆ ಹತ್ತಲು ಬಿಡುವುದಿಲ್ಲ. ಎದುರಿನ ಕಟ್ಟಡದ ಮಹಡಿಯಿಂದ ಅರ್ಧ ಗೋಪುರವನ್ನೂ ಕೆಳಗಿನ ರಸ್ತೆಯನ್ನೂ ಒಂದೇ ಚೌಕಟ್ಟಿಗೆ ತಂದರೂ ಅಷ್ಟಿಷ್ಟು ಸಿಗುತ್ತದೆ. ನಿಬ್ಬಿನ ಪೆನ್ನು, ಕರಿ ಶಾಯಿ, ನಯವಾದ ಕಾಗದ ಇದಕ್ಕೆ ತಕ್ಕವು.

ಮೂಗು ತಾಗುವಷ್ಟು ಹತ್ತಿರ

ಹದಿಮೂರನೇ ಶತಮಾನದಲ್ಲಿ ವಿಲಾರ್ ದ ಹೊನೆಕೂರ್ ಎಂಬ ಫ್ರೆಂಚ್ ಮನುಷ್ಯ ಊರೂರು ತಿರುಗಿ ಚರ್ಮಪತ್ರದ ಹಾಳೆಗಳಲ್ಲಿ ಚಿತ್ರ ಬರೆದುಕೊಂಡ. ಅವುಗಳಲ್ಲಿ 33 ಹಾಳೆಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿವೆ. ಲಾನ್ ಊರಿನ ಗೋಪುರವನ್ನು ಬರೆದು, ಎಷ್ಟೋ ನಾಡು ಸುತ್ತಿದ್ದೇನೆ, ಇಂಥ ಗೋಪುರವನ್ನು ಎಲ್ಲೂ ಕಾಣಲಿಲ್ಲ ಎನ್ನುತ್ತಾನೆ. ಆ ಗೋಪುರದ ಕಂಬಗಳ ಸಂದಿಯಿಂದ ಕಲ್ಲಿನ ಎತ್ತುಗಳು ಇಣುಕುತ್ತವೆ, ಬೆಟ್ಟದ ಮೇಲಕ್ಕೆ ಕಲ್ಲು ಎಳೆದ ಎತ್ತುಗಳ ನೆನಪಿಗೆ ಎಂದು ಜನ ಹೇಳುತ್ತಾರೆ. ವಿಲಾರ್ ಅವನ್ನೂ ಬಿಡದೆ ಬರೆದಿದ್ದಾನೆ. ರೈಮ್ಸ್‌ನ ಒಂದು ಕಿಟಕಿಯ ಪಕ್ಕದಲ್ಲಿ ಅವನು ಬರೆದ ಮಾತಂತೂ ನನಗೆ ಬಾಯಿಪಾಠ: ಹಂಗರಿಗೆ ಹೊರಟಿದ್ದಾಗ ಇದನ್ನು ಬರೆದುಕೊಂಡೆ, ಏಕೆಂದರೆ ಇದೇ ನನಗೆ ಎಲ್ಲಕ್ಕಿಂತ ಹಿಡಿಸಿತು. ಭಾವಕ್ಕೆ ಚಂದ್ರ, ಮಂಜು ಬೇಕಿಲ್ಲ. ಇಷ್ಟವಾದ ಒಂದೇ ಕಿಟಕಿ ಸಾಕು.

ಆರು ಶತಮಾನದ ನಂತರ ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ ಮಾಡಿದ್ದೂ ಅದನ್ನೇ, ಆದರೆ ದುಗುಡದಿಂದ. 1845ರಲ್ಲಿ ವೆನಿಸ್ಸಿನ ಕಾ ದೋರೊ ಅರಮನೆಯ ಮುಂಭಾಗವನ್ನು ರಿಪೇರಿಯ ಹೆಸರಿನಲ್ಲಿ ಕೆಲಸಗಾರರು ಒಡೆಯುತ್ತಿದ್ದಾಗ ಅವನು ಎದುರು ಕೂತು ಅದನ್ನು ಬರೆಯುತ್ತಿದ್ದ. ಒಡೆಯುವವರಿಗಿಂತ ಮುಂಚೆ ಮುಗಿಸಬೇಕೆಂಬ ಅವಸರ ಆ ಚಿತ್ರದಲ್ಲಿದೆ. ಒಂದು ಭಾಗದಲ್ಲಿ ಕಲ್ಲಿನ ಬಿರುಕು, ಕಲೆಯವರೆಗೂ ವಿವರ, ಉಳಿದದ್ದು ಬಿಳಿ ಕಾಗದ. ರಸ್ಕಿನ್‌ನ ಒಳ್ಳೆಯ ಚಿತ್ರಗಳು ಹೆಚ್ಚಾಗಿ ಹೀಗೆ ಅರ್ಧಕ್ಕೇ ನಿಂತಿವೆ. ಖಾಲಿ ಉಳಿದ ಆ ಕಾಗದವನ್ನು ನೋಡುತ್ತಿದ್ದರೆ ಕಳೆದುಹೋದದ್ದು ತಾನಾಗಿ ನೆನಪಾಗುತ್ತದೆ.

ಫ್ರೆಂಚ್ ಚಿತ್ರಕಾರ ಮೊನೆ 1892 ಮತ್ತು 1893ರಲ್ಲಿ ರೂಆನ್ ಪ್ರಧಾನಾಲಯದ ಎದುರಿನ ಕೋಣೆಗಳ ಕಿಟಕಿಯಿಂದ ಅದರ ಮುಂಭಾಗವನ್ನೇ ಮೂವತ್ತರಷ್ಟು ಬಾರಿ ಬರೆದ. ಆ ಕೋಣೆಗಳಲ್ಲಿ ಒಂದು ಹೆಂಗಸರ ಬಟ್ಟೆಯಂಗಡಿಯದು. ಗೋಪುರದ ತುದಿ ಚೌಕಟ್ಟಿನಾಚೆ ಹೋಗಿದೆ, ಆಕಾಶವಿರುವುದು ಒಂದು ಚೂರು. ಶಿಲುಬೆ, ಸಂತರು, ತೀರ್ಪು ಯಾವುದೂ ಅವನಿಗೆ ಬೇಡ, ಬೆಳಗಿನ ನೀಲಿ ಮಧ್ಯಾಹ್ನದ ಹಳದಿಯಾಗುವುದಷ್ಟೇ ಬೇಕು. ಆ ಗೋಡೆ ತನ್ನ ಮೇಲೆ ನೀಲಿಯಾಗಿ, ಗುಲಾಬಿಯಾಗಿ, ಹಳದಿಯಾಗಿ ಕುಸಿದುಬಿದ್ದಂತೆ ಕೆಟ್ಟ ಕನಸು ಕಂಡೆನೆಂದು ಮುಂದೆ ತನ್ನ ಹೆಂಡತಿಯಾಗಲಿದ್ದ ಆಲಿಸ್‌ಗೆ ಕಾಗದ ಬರೆದಿದ್ದಾನೆ. ಸುಝೇ ಒಳಗೆ ಕೂತು ಹುಡುಕಿದ ಬೆಳಕನ್ನು ದೇವರ ಗೊಡವೆಯಿಲ್ಲದ ಮೊನೆ ಹೊರಗೋಡೆಯ ಮೇಲೆ ಹಿಡಿದ ಎಂದು ನನಗೆ ಅನಿಸುವುದುಂಟು.

ಒಂದೇ ಬೆಳಿಗ್ಗೆ ಬಿಡುವಿರುವವರಿಗೆ ಹತ್ತಿರದ ಜಾಗವೇ ಸರಿ. ಒಂದು ಕಿಟಕಿ, ಒಂದು ಕಂಬದ ತಲೆ, ಒಂದು ಬಾಗಿಲ ಚಿಲಕ ಆರಿಸಿ. ಕಮಾನಿನ ಲೆಕ್ಕ ಕಲಿಯಲೂ ಇಲ್ಲೇ ಅನುಕೂಲ. ಅಗಲದಷ್ಟೇ ಕೈವಾರ ತೆರೆದು ಎರಡೂ ತುದಿಯಿಂದ ಬಿಲ್ಲು ಎಳೆದರೆ ಸಮಾಧಾನದ ಕಮಾನು ಬರುತ್ತದೆ. ಅಗಲಕ್ಕಿಂತ ಹೆಚ್ಚು ತೆರೆದು ಎಳೆದರೆ ಈಟಿಯಂಥ, ಬಿಗಿದ ಕಮಾನು ಬರುತ್ತದೆ. ಕೈವಾರ ಒಂದಿಷ್ಟು ಹಿಗ್ಗಿದರೂ ಚಿತ್ರದ ಮನಸ್ಸು ಬದಲಾಗುವುದನ್ನು ಕಣ್ಣಾರೆ ನೋಡಬಹುದು.

ನೆನಪಿನಿಂದ, ಮತ್ತು ನೇರ ಎದುರಿನಿಂದ

ನೋತ್ರ್ ದಾಮ್‌ನ ಕಾದಂಬರಿಯಿಂದ ಹೆಸರಾದ ವಿಕ್ಟರ್ ಹ್ಯೂಗೊ ಮೂರು ಸಾವಿರಕ್ಕೂ ಹೆಚ್ಚು ಚಿತ್ರ ಬರೆದಿದ್ದಾನೆ. ಶಾಯಿ, ಮಸಿ, ಇದ್ದಿಲು ಸಾಲದೆ ಕಾಫಿಯನ್ನೂ ಸುರಿದು, ಲೇಸಿನ ಬಟ್ಟೆಯ ಅಚ್ಚೊತ್ತಿ, ಕಲೆಯಿಂದ ಕೋಟೆ, ಗೋಪುರಗಳನ್ನು ಹೊರತೆಗೆಯುತ್ತಿದ್ದ. ಮೊದಲು ಕಲೆ, ಆಮೇಲೆ ಕಟ್ಟಡ. ಮನೆಯಲ್ಲೇ ಪ್ರಯತ್ನಿಸಿ ನೋಡಬಹುದು, ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಲಿಯೊನೆಲ್ ಫೈನಿಂಗರ್ 1919ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಪ್ರಣಾಳಿಕೆಗೆ ಮಾಡಿದ ಮರದಚ್ಚಿನ ಪ್ರಧಾನಾಲಯವೂ ಕಲ್ಪನೆಯದೇ. ಮೂರು ಶಿಖರ, ಮೂರು ನಕ್ಷತ್ರ: ಚಿತ್ರ, ಶಿಲ್ಪ, ವಾಸ್ತು ಒಂದಾಗಲಿ ಎಂಬ ಆಸೆ. ಮುಂದೆ ಸಪಾಟು ಚಾವಣಿಗೆ ಹೆಸರಾದ ಶಾಲೆಯ ಮೊದಲ ಗುರುತು ಚೂಪು ಗೋಪುರ! ಲಿನೋಲಿಯಂ ಹಾಳೆ ಕೊರೆಯುವ ಹವ್ಯಾಸವಿರುವ ಮಕ್ಕಳಿಗೆ ಇದು ಒಳ್ಳೆಯ ಮಾದರಿ.

ಇನ್ನು ಎಲ್ಲರೂ ಕೂರುವ ಆ ನೇರ ಎದುರಿನ ಜಾಗ. ಅದು ನಿಜವಾಗಿ ಯಾರ ಜಾಗವೆಂದು ನನಗೆ ತಿಳಿದದ್ದು ಕಲೋನ್ ಪ್ರಧಾನಾಲಯದ ಕಥೆಯಿಂದ. 1248ರಲ್ಲಿ ಶುರುವಾದ ಆ ಕಟ್ಟಡ ಹದಿನಾರನೇ ಶತಮಾನದಲ್ಲಿ ಅರ್ಧಕ್ಕೇ ನಿಂತಿತು. ಮುಗಿಯದ ಗೋಪುರದ ಮೇಲೆ ಮರದ ಕ್ರೇನ್ ಒಂದು ಮುನ್ನೂರು ವರ್ಷ ಹಾಗೆಯೇ ಇತ್ತು. 1814ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಅಟ್ಟವೊಂದರಲ್ಲಿ ಮುಂಭಾಗದ ಮಧ್ಯಯುಗದ ನಕ್ಷೆಯ ಅರ್ಧ ಸಿಕ್ಕಿತು. ಉಳಿದರ್ಧ ಎರಡು ವರ್ಷದ ನಂತರ ಪ್ಯಾರಿಸ್ಸಿನಲ್ಲಿ. ಜೋಡಿಸಿದರೆ ನಾಲ್ಕು ಮೀಟರ್ ಎತ್ತರದ ಚರ್ಮಪತ್ರ. ಅದನ್ನು ಅನುಸರಿಸಿ ಗೋಪುರಗಳನ್ನು ಕಟ್ಟಿ 1880ರಲ್ಲಿ ಮುಗಿಸಿದರು. ಮೈಸೂರಿನ ಸಂತ ಫಿಲೋಮಿನಾಕ್ಕೆ 1933ರಲ್ಲಿ ಅಡಿಗಲ್ಲು ಬಿದ್ದಾಗ ಅದರ ಜೋಡಿ ಗೋಪುರಗಳಿಗೆ ಕಲೋನ್ ಮಾದರಿಯಾಯಿತು.

ಹಾಗೆ ನೇರ ಎದುರಿನಿಂದ ನೋಡುವುದು ಕಟ್ಟುವವನ ನೋಟ. ಎಡ ಬಲ ಸಮ, ನೆರಳಿಲ್ಲ, ಮೋಡವಿಲ್ಲ, ನೋಡುವವನೂ ಇಲ್ಲ. ಮೇಸ್ತ್ರಿಗೆ ಬೇಕಾದದ್ದು ಅದೇ. ನನ್ನ ನಾಲ್ಕು ಚಿತ್ರಗಳು ಆಮಂತ್ರಣ ಪತ್ರಿಕೆಯಂತಾದದ್ದು ಕೈಯ ದೋಷವಾಗಿರಲಿಲ್ಲ. ಗೊತ್ತಿಲ್ಲದೆ ಅದೇ ನಕ್ಷೆಯನ್ನು ನಾಲ್ಕು ಸಲ ನಕಲು ಮಾಡಿದ್ದೆ. ಅಳತೆ ಕಲಿಯಲು, ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ, ಚೌಕಟ್ಟು ಹಾಕಿಸಿ ಚರ್ಚಿನವರಿಗೆ ಉಡುಗೊರೆ ಕೊಡಲು ಈಗಲೂ ಆ ಜಾಗವೇ ಉತ್ತಮ.

ಹಾಗಾದರೆ ಯಾವುದು?

ಮನಸ್ಸಿನಲ್ಲಿ ಹೇಳಲಾಗದ ಒಂದು ಭಾರವಿದ್ದರೆ ದೂರ ಹೋಗಿ, ಮುಂಗಾರಿನ ಮೋಡ ಕಟ್ಟಿದ ಸಂಜೆಯನ್ನು ಆರಿಸಿ, ಕಾಗದದ ಮುಕ್ಕಾಲು ಪಾಲು ಆಕಾಶಕ್ಕೆ ಬಿಡಿ, ಜಲವರ್ಣ ಸಾಕು. ಕಟ್ಟಡದ ಮೇಲೆ ಪ್ರೀತಿ ಉಕ್ಕಿದರೆ ಹತ್ತಿರ ಹೋಗಿ ಪೆನ್ಸಿಲ್ ಹಿಡಿಯಿರಿ. ಊರಿನ ಬಗ್ಗೆ ಸಿಟ್ಟೋ ಭಯವೋ ಇದ್ದರೆ ಮಹಡಿ ಹತ್ತಿ. ಪಾಳನ್ನು ಕೊನೆಗೆ ಇಟ್ಟುಕೊಳ್ಳಿ. ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಕಾನ್‌ಸ್ಟೇಬಲ್‌ನ ಹಿಂದೆ ಹೋಗುತ್ತೇನೆ, ಮೆರಿಯಾನ್‌ನನ್ನು ಅಸೂಯೆಯಿಂದ ತಿರುಗಿ ನೋಡುತ್ತಾ.

ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಯಲ್ಲಿ ಬರೆಯುವುದಾದರೆ ಒಂದು ಎಚ್ಚರ. ಕೆಳಗೆ ನಿಂತು ಮೊಬೈಲನ್ನು ಮೇಲಕ್ಕೆ ಓರೆ ಮಾಡಿದಾಗ ಗೋಪುರಗಳು ಹಿಂದಕ್ಕೆ ಬಾಗಿ ತುದಿಯಲ್ಲಿ ಒಂದನ್ನೊಂದು ಸಮೀಪಿಸುತ್ತವೆ. ಸ್ಥಳದಲ್ಲಿ ಕೂತವನ ಮನಸ್ಸು ಅವನ್ನು ನೆಟ್ಟಗೇ ನೋಡುತ್ತದೆ. ಓರೆಯನ್ನು ಉಳಿಸಿಕೊಂಡರೆ ತಲೆಸುತ್ತು ಬರುತ್ತದೆ, ನೆಟ್ಟಗೆ ಮಾಡಿದರೆ ಗಾಂಭೀರ್ಯ ಬರುತ್ತದೆ. ಯಾವುದು ಬೇಕೆಂದು ಮೊದಲ ಗೆರೆ ಎಳೆಯುವ ಮುನ್ನ ನಿರ್ಧರಿಸಿ, ಅರ್ಧ ಮುಗಿದ ಮೇಲೆ ತಿದ್ದಲಾಗುವುದಿಲ್ಲ.

ಕಳೆದ ಬಾರಿ ಮೈಸೂರಿಗೆ ಹೋದಾಗ ಆವರಣದೊಳಕ್ಕೆ ಹೋಗದೆ ಅಶೋಕ ರಸ್ತೆಯ ಅಂಚಿನಲ್ಲೇ ಕೂತೆ. ಒಂದು ಗೋಪುರದ ಅರ್ಧಕ್ಕೆ ಮರ ಅಡ್ಡ, ಇನ್ನೊಂದರ ಮುಂದೆ ವಿದ್ಯುತ್ ತಂತಿ, ಕೆಳಗೆ ಆಟೋಗಳ ಸಾಲು. ತಂತಿಯನ್ನು ಬಿಡದೆ ಬರೆದೆ. ಮನೆಯಲ್ಲಿ ಅದನ್ನು ನೋಡಿ ಯಾರೂ ಚೆನ್ನಾಗಿದೆ ಎನ್ನಲಿಲ್ಲ, ಮಳೆ ಬರುವ ಹಾಗಿತ್ತೇ ಎಂದು ಕೇಳಿದರು. ಹೌದು, ಬರುವ ಹಾಗಿತ್ತು.